ನಾಣ್ಯದ ದೋಷ: ಟಂಕಸಾಲೆಯದೋ, ಚಲಾವಣೆಯದೋ?



ಚೆನ್ನೈ ನಗರದ ಸೌಕಾರ್‌ಪೇಟೆಯಲ್ಲಿ ಮಿಂಟ್ ಸ್ಟ್ರೀಟ್ ಎಂಬ ಹಳೆಯ ಬೀದಿಯೊಂದಿದೆ. ಸ್ಥಳೀಯರು ಅದನ್ನು ತಂಗಸಾಲೈ ಎಂದು ಕರೆಯುತ್ತಾರೆ. ಮರಾಠಿಯಲ್ಲಿ ಟಾಂಕಸಾಳ, ಹಿಂದಿಯಲ್ಲಿ ಟಕ್ಸಾಲ್, ಕನ್ನಡದಲ್ಲಿ ಟಂಕಸಾಲೆ. ಇವೆಲ್ಲವೂ ನಾಣ್ಯಗಳನ್ನು ಅಚ್ಚು ಹಾಕುವ ಕಾರ್ಯಾಗಾರದ ಹೆಸರುಗಳೇ. ಪ್ರಸ್ತುತ ಭಾರತ ಸರ್ಕಾರದ ಟಂಕಸಾಲೆಗಳು ಮುಂಬಯಿ, ಕೋಲ್ಕತಾ, ಹೈದರಾಬಾದ್ ಮತ್ತು ನೋಯ್ಡಾಗಳಲ್ಲಿವೆ. 2006ರಲ್ಲಿ ಸ್ಥಾಪಿತವಾದ ಭಾರತ ಪ್ರತಿಭೂತಿ ಮುದ್ರಣ ಮತ್ತು ಮುದ್ರಾ ನಿರ್ಮಾಣ ನಿಗಮವು ಈ ನಾಲ್ಕನ್ನೂ ನಿರ್ವಹಿಸುತ್ತದೆ. ಹೊರನಾಡಿನ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ನಗರಗಳಲ್ಲಿಯೇ ಅಥವಾ ಅವುಗಳ ನೆರೆಯಲ್ಲಿಯೇ ಇವುಗಳ ಪೈಕಿ ಮೂರು ಇವೆ. ಆದರೂ ಆ ಗೋಡೆಗಳ ಒಳಗೆ ನಾಣ್ಯವು ಹೇಗೆ ರೂಪುಗೊಳ್ಳುತ್ತದೆ ಎಂಬುದು ಬಹುಜನರಿಗೆ ತಿಳಿಯದ ಸಂಗತಿ. ಈ ಅರಿವಿನ ಕೊರತೆಯೇ ಇತ್ತೀಚಿನ ವರ್ಷಗಳಲ್ಲಿ ಕೆಲವರ ಜೇಬಿಗೆ ಕತ್ತರಿಯಾಗಿ ಪರಿಣಮಿಸಿದೆ.

ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಪುಣೆಯಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬ. ಮನೆಯ ಅಜ್ಜಿ ಬಿಟ್ಟುಹೋದ ತಗಡಿನ ಡಬ್ಬಿಯಲ್ಲಿ ಮೂರು ವಿಚಿತ್ರ ನಾಣ್ಯಗಳು ದೊರೆಯುತ್ತವೆ. ಮೊದಲನೆಯದು ಮಾಮೂಲಿಗಿಂತ ಅಗಲವಾಗಿ, ತೆಳ್ಳಗಾಗಿರುವ 1990ರ ದಶಕದ ಒಂದು ರೂಪಾಯಿ. ಎರಡನೆಯದು ಅಂಚಿನಲ್ಲಿ ಯಾರೋ ಕಚ್ಚಿ ತೆಗೆದಂತೆ ಕಮಾನಿನ ಆಕಾರದಲ್ಲಿ ಒಂದಿಷ್ಟು ಭಾಗವಿಲ್ಲದ ಮತ್ತೊಂದು ರೂಪಾಯಿ. ಮೂರನೆಯದು ದಪ್ಪನೆಯ ಹಳೆಯ ಐದು ರೂಪಾಯಿ. ಅದರ ಸಿಂಹಲಾಂಛನದ ಬದಿಯಲ್ಲಿ 5 ಎಂಬ ಅಂಕಿಯು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಒಳಕ್ಕೆ ಒತ್ತಿಕೊಂಡಿದೆ. ಮನೆಯ ಹುಡುಗನು ಅವುಗಳ ಚಿತ್ರಗಳನ್ನು ಮೊಬೈಲಿನಲ್ಲಿ ಯಾರಿಗೋ ಕಳುಹಿಸುತ್ತಾನೆ. ಮರುದಿನವೇ ಉತ್ತರ ಬರುತ್ತದೆ: "ಇವು ಟಂಕಸಾಲೆಯ ಅಪರೂಪದ ತಪ್ಪುಗಳು, ಐದು ಲಕ್ಷ ರೂಪಾಯಿ ಬೆಲೆ ಬಾಳುತ್ತವೆ. ಮೊದಲು ನೋಂದಣಿ ಶುಲ್ಕ ಪಾವತಿಸಿ." ಮಗಳ ಮದುವೆಗೆಂದು ಕೂಡಿಟ್ಟ ಹಣದಿಂದ ಶುಲ್ಕ ಕಟ್ಟಲು ಮನೆಯವರು ಮುಂದಾಗುತ್ತಾರೆ.

ಈ ಕುಟುಂಬವು ಹಣ ಕಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಾವುದು ಎಂಬುದೇ ಇಂದಿನ ಭಾಷಣದ ವಿಷಯ.

ಎರಡು ಬಗೆಯ ವಿಕಾರಗಳು

ನಾಣ್ಯದಲ್ಲಿ ಕಾಣುವ ವಿಕಾರಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಲಾಗುತ್ತದೆ. ನಾಣ್ಯವು ಸಿದ್ಧವಾಗುವ ಹಂತದಲ್ಲಿ, ಲೋಹದ ಬಿಲ್ಲೆಯಲ್ಲೋ, ಅಚ್ಚಿನಲ್ಲೋ, ಅಚ್ಚು ಒತ್ತುವ ಕ್ರಿಯೆಯಲ್ಲೋ ಉಂಟಾದ ನ್ಯೂನತೆಯು ಟಂಕನದೋಷ. ನಾಣ್ಯವು ಅಚ್ಚಿನಿಂದ ಹೊರಬಿದ್ದ ಮೇಲೆ, ಜನರ ಕೈಯಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ, ಬೆಂಕಿಯಲ್ಲಿ ಅಥವಾ ಉದ್ದೇಶಪೂರ್ವಕವಾದ ಕಿಡಿಗೇಡಿತನದಿಂದ ಉಂಟಾದ ವಿಕಾರವು ಟಂಕನೋತ್ತರ ಹಾನಿ. ಸಂಗ್ರಾಹಕರು ಮೊದಲನೆಯದಕ್ಕೆ ಬೆಲೆ ಕೊಡುವುದುಂಟು. ಎರಡನೆಯದಕ್ಕೆ ಯಾವ ವಿಶೇಷ ಬೆಲೆಯೂ ಇಲ್ಲ. ಹಲವು ವೇಳೆ ಮುಖಬೆಲೆಯೂ ಕೈತಪ್ಪುತ್ತದೆ.

ಇವೆರಡನ್ನು ಬೇರ್ಪಡಿಸಲು ಸಾಧಾರಣ ಜನರು ನೂರಾರು ಪ್ರಭೇದಗಳ ಹೆಸರುಗಳನ್ನು ಕಂಠಪಾಠ ಮಾಡಬೇಕಾಗಿಲ್ಲ. "ಈ ವಿಕಾರವು ಅಚ್ಚು ಬೀಳುವ ಮೊದಲು ಆದದ್ದೋ, ಬೀಳುವಾಗ ಆದದ್ದೋ, ಬಿದ್ದ ನಂತರ ಆದದ್ದೋ?" ಎಂಬ ಒಂದೇ ಪ್ರಶ್ನೆ ಸಾಕು. ಲೋಹವು ತನ್ನ ಮೇಲೆ ನಡೆದ ಘಟನೆಗಳನ್ನು ಅವು ನಡೆದ ಕ್ರಮದಲ್ಲಿಯೇ ದಾಖಲಿಸಿಕೊಳ್ಳುತ್ತದೆ. ಮೊದಲು ಆದುದರ ಮೇಲೆ ಅಚ್ಚಿನ ಗುರುತು ಕಾಣುತ್ತದೆ. ನಂತರ ಆದದ್ದು ಅಚ್ಚಿನ ಗುರುತನ್ನೇ ಕತ್ತರಿಸುತ್ತದೆ ಇಲ್ಲವೆ ಚಪ್ಪಟೆ ಮಾಡುತ್ತದೆ. ಈ ಕ್ರಮವನ್ನು ಓದಲು ಕಲಿತವರನ್ನು ಮೋಸಗೊಳಿಸುವುದು ಸುಲಭವಲ್ಲ.

ನಾಣ್ಯದ ಜನನ

ಮೊದಲು ಮಿಶ್ರಲೋಹವನ್ನು ನಿಗದಿತ ದಪ್ಪದ ಉದ್ದನೆಯ ಪಟ್ಟಿಯಾಗಿ ಎಳೆಯಲಾಗುತ್ತದೆ. ಆ ಪಟ್ಟಿಯಿಂದ, ಚಪಾತಿ ಹಿಟ್ಟಿನಿಂದ ಬಟ್ಟಲಿನ ಅಂಚನ್ನು ಒತ್ತಿ ಪೂರಿ ಕತ್ತರಿಸಿದಂತೆ, ಯಂತ್ರವು ಬಿಲ್ಲೆಗಳನ್ನು ಕತ್ತರಿಸುತ್ತದೆ. ತಮಿಳುನಾಡಿನ ಸೇಲಂ ಉಕ್ಕಿನ ಕಾರ್ಖಾನೆಯಲ್ಲಿಯೂ ಇಂತಹ ಬಿಲ್ಲೆಗಳನ್ನು ಸಿದ್ಧಪಡಿಸುವ ಏರ್ಪಾಡಿದೆ. ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಯಿಸಿ ಮೃದುಗೊಳಿಸಿ, ತೊಳೆದು, ಹೊಳಪು ಕೊಡಲಾಗುತ್ತದೆ. ಅನಂತರ ಬಿಲ್ಲೆಯ ಸುತ್ತಂಚನ್ನು ಒತ್ತಿ ತುಸು ಎತ್ತರಿಸಲಾಗುತ್ತದೆ. ನಾಣ್ಯದ ಸುತ್ತಲೂ ಕಾಣುವ ಏಣಿಗೆ ಇದೇ ಬುನಾದಿ.

ಕೊನೆಯ ಹಂತವೇ ಟಂಕನ. ಕೆಳಗೊಂದು, ಮೇಲೊಂದು ಗಟ್ಟಿ ಉಕ್ಕಿನ ಅಚ್ಚು; ಅವುಗಳ ನಡುವೆ ಬಿಲ್ಲೆ; ಬಿಲ್ಲೆಯ ಸುತ್ತ ಕಾಲರ್ ಎಂಬ ಉಕ್ಕಿನ ಬಳೆ. ಅಪಾರ ಒತ್ತಡದಲ್ಲಿ ಅಚ್ಚುಗಳು ಬಿಲ್ಲೆಯನ್ನು ಅದುಮಿದಾಗ ಲೋಹವು ಅಚ್ಚಿನ ತಗ್ಗುಗಳೊಳಕ್ಕೆ ಹರಿದು ಚಿತ್ರವಾಗಿ, ಅಕ್ಷರವಾಗಿ ಮೇಲೇಳುತ್ತದೆ. ಕಾಲರ್ ಬಳೆಯು ಲೋಹವು ಹೊರಕ್ಕೆ ಹರಡದಂತೆ ತಡೆಯುತ್ತದೆ. ಅಂಚಿನ ಗೆರೆಗಳನ್ನು ಮೂಡಿಸುವುದೂ ಸಾಮಾನ್ಯವಾಗಿ ಅದೇ. ಇಷ್ಟೆಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಆಧುನಿಕ ಯಂತ್ರಗಳು ನಿಮಿಷಕ್ಕೆ ನೂರಾರು ನಾಣ್ಯಗಳನ್ನು ಹೊರಹಾಕುತ್ತವೆ. ಅನಂತರ ತಪಾಸಣೆ ನಡೆಯುತ್ತದೆ. ದೋಷಯುಕ್ತವಾದವುಗಳನ್ನು ಆರಿಸಿ ತೆಗೆಯಲಾಗುತ್ತದೆ. ಆದರೆ ಕೋಟಿಗಟ್ಟಲೆ ನಾಣ್ಯಗಳ ನಡುವೆ ಕೆಲವು ಕಣ್ತಪ್ಪಿ ಹೊರಬರುತ್ತವೆ. ಟಂಕನದೋಷದ ನಾಣ್ಯಗಳು ಅಪರೂಪವೆನಿಸಲು ಈ ತಪಾಸಣೆಯೇ ಕಾರಣ.

ಈ ಹಂತಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ದೋಷಗಳ ಲಕ್ಷಣಗಳು ತಾವಾಗಿಯೇ ಸ್ಪಷ್ಟವಾಗುತ್ತವೆ.

ಬಿಲ್ಲೆಯಲ್ಲಿನ ದೋಷ

ಪಟ್ಟಿಯು ಯಂತ್ರದಲ್ಲಿ ಸರಿಯಾಗಿ ಮುಂದೆ ಸರಿಯದಿದ್ದರೆ, ಆಗಲೇ ಬಿಲ್ಲೆ ಕತ್ತರಿಸಿ ಉಂಟಾದ ರಂಧ್ರದ ಮೇಲೆ ಕತ್ತರಿಯು ಮತ್ತೆ ಬೀಳುತ್ತದೆ. ಆಗ ಹೊಸ ಬಿಲ್ಲೆಯಲ್ಲಿ ಹಳೆಯ ರಂಧ್ರದ ಕಮಾನಿನಷ್ಟು ಭಾಗವಿರುವುದಿಲ್ಲ. ಪಟ್ಟಿಯ ಅಂಚಿಗೆ ಕತ್ತರಿ ಬಿದ್ದಿದ್ದರೆ ಕೊರತೆಯು ನೇರವಾಗಿರುತ್ತದೆ. ಹೀಗೆ ಕೊರತೆಯುಳ್ಳ ಬಿಲ್ಲೆಯು ಮುಂದೆ ಸುತ್ತಂಚನ್ನು ಎತ್ತರಿಸುವ ಯಂತ್ರಕ್ಕೆ ಹೋಗುತ್ತದೆ. ಕೊರತೆಯಿರುವ ಕಡೆ ಯಂತ್ರಕ್ಕೆ ಹಿಡಿತ ಸಿಗದುದರಿಂದ, ಅದಕ್ಕೆ ನೇರ ಎದುರಿನಲ್ಲಿರುವ ಅಂಚಿಗೂ ಒತ್ತಡ ಸಾಲದೆ ಹೋಗುತ್ತದೆ. ಪರಿಣಾಮವಾಗಿ, ಸಿದ್ಧವಾದ ನಾಣ್ಯದಲ್ಲಿ ಕೊರತೆಯ ಎದುರು ಭಾಗದ ಏಣು ಮಸುಕಾಗಿ ಕಾಣುತ್ತದೆ. ನಾಣ್ಯತಜ್ಞರು ಇದನ್ನು ಬ್ಲೇಕ್ಸ್‌ಲಿ ಪರಿಣಾಮ ಎಂದು ಕರೆಯುತ್ತಾರೆ. ಅಲ್ಲದೆ, ಕೊರತೆಯ ಸಮೀಪದ ಅಕ್ಷರಗಳು ಕ್ರಮೇಣ ಕ್ಷೀಣಿಸಿ ಅತ್ತ ಎಳೆದಂತಿರುತ್ತವೆ. ಏಕೆಂದರೆ ಅಚ್ಚು ಬಿದ್ದಾಗ ಲೋಹವು ತೆರವಿರುವ ಕಡೆಗೆ ಹರಿದಿರುತ್ತದೆ.

ಅರದಿಂದ ಉಜ್ಜಿ ಅಥವಾ ಗರಗಸದಿಂದ ಕೊಯ್ದು ಮಾಡಿದ ಕೊರತೆಯಲ್ಲಿ ಈ ಯಾವ ಲಕ್ಷಣವೂ ಇರುವುದಿಲ್ಲ. ಎದುರಿನ ಏಣು ಪೂರ್ಣವಾಗಿಯೇ ಇರುತ್ತದೆ. ಅಕ್ಷರಗಳು ಚಾಕುವಿನಿಂದ ತುಂಡರಿಸಿದಂತೆ ಥಟ್ಟನೆ ನಿಲ್ಲುತ್ತವೆ. ಕೊಯ್ದ ಮೈಯಲ್ಲಿ ಅರದ ಗೀರುಗಳೂ ಹೊಸ ಲೋಹದ ಹೊಳಪೂ ಎದ್ದು ಕಾಣುತ್ತವೆ. ತೂಕವು ಎರಡರಲ್ಲಿಯೂ ಕಡಿಮೆಯಿರುವುದರಿಂದ ಈ ಸಂದರ್ಭದಲ್ಲಿ ತಕ್ಕಡಿಯೊಂದೇ ಸಾಕ್ಷಿಯಾಗಲಾರದು. ಎದುರಿನ ಅಂಚನ್ನು ನೋಡಲೇಬೇಕು.

ಒಂದು ಬಗೆಯ ನಾಣ್ಯಕ್ಕೆ ಮೀಸಲಾದ ಬಿಲ್ಲೆಯು ಮತ್ತೊಂದರ ಅಚ್ಚಿಗೆ ಸಿಕ್ಕುವುದೂ ಉಂಟು. ಇಂತಹ ಹೇಳಿಕೆಗಳನ್ನು ಪರೀಕ್ಷಿಸಲು ತೂಕ, ವ್ಯಾಸ ಮತ್ತು ಅಯಸ್ಕಾಂತ ಈ ಮೂರೂ ನೆರವಾಗುತ್ತವೆ. 1992ರಿಂದ ಬಂದ ಉಕ್ಕಿನ ಒಂದು ರೂಪಾಯಿಯ ವ್ಯಾಸ 25 ಮಿಲಿಮೀಟರ್, ತೂಕ 4.85 ಗ್ರಾಂ; ಅದು ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಅದೇ ಕಾಲದ ತಾಮ್ರ-ನಿಕಲ್ ಮಿಶ್ರಲೋಹದ ಐದು ರೂಪಾಯಿಯ ವ್ಯಾಸ 23 ಮಿಲಿಮೀಟರ್, ತೂಕ 9 ಗ್ರಾಂ, ಅದು ಅಂಟುವುದಿಲ್ಲ. 2011ರ ಸರಣಿಯ ಒಂದು ರೂಪಾಯಿಯು 22 ಮಿಲಿಮೀಟರ್ ವ್ಯಾಸ ಮತ್ತು 3.79 ಗ್ರಾಂ ತೂಕದ್ದು. ಬಣ್ಣವೊಂದನ್ನೇ ನೋಡಿ ನಿರ್ಣಯಿಸುವುದು ಸಲ್ಲದು. ಉಕ್ಕಿನ ರೂಪಾಯಿಗೆ ಹಳದಿ ಲೇಪ ಕೊಟ್ಟು "ಹಿತ್ತಾಳೆ ಬಿಲ್ಲೆಯ ರೂಪಾಯಿ" ಎಂದು ಮಾರಲು ಬಂದರೆ, ನೂರು ಮಾತುಗಳಿಗಿಂತ ಒಂದು ಚಿಕ್ಕ ಅಯಸ್ಕಾಂತವೇ ಹೆಚ್ಚು ಸತ್ಯ ನುಡಿಯುತ್ತದೆ.

ಅಚ್ಚಿನಲ್ಲಿನ ದೋಷ

ಅಚ್ಚಿನಲ್ಲಿ ತಗ್ಗಾಗಿರುವುದು ನಾಣ್ಯದಲ್ಲಿ ಉಬ್ಬಾಗುತ್ತದೆ ಎಂಬ ಸರಳ ನಿಯಮವನ್ನು ಇಲ್ಲಿ ನೆನಪಿಡಬೇಕು. ಲಕ್ಷಾಂತರ ಪೆಟ್ಟುಗಳನ್ನು ಕಂಡ ಅಚ್ಚು ಕೊನೆಗೆ ಬಿರುಕು ಬಿಡುತ್ತದೆ. ಆ ಬಿರುಕಿನೊಳಕ್ಕೆ ಲೋಹ ನುಗ್ಗುವುದರಿಂದ ನಾಣ್ಯದ ಮೇಲೆ ಅಂಕುಡೊಂಕಾದ, ಉಬ್ಬಿದ ಗೆರೆಯೊಂದು ಮೂಡುತ್ತದೆ. ಅಚ್ಚಿನ ಅಂಚಿನ ತುಣುಕು ಒಡೆದು ಬಿದ್ದರೆ ನಾಣ್ಯದ ಆ ಭಾಗದಲ್ಲಿ ಚಿತ್ರವಿಲ್ಲದ ಗಡ್ಡೆಯಂತಹ ಉಬ್ಬು ಕಾಣುತ್ತದೆ. ಇದಕ್ಕೆ ಪ್ರತಿಯಾಗಿ, ಮೊಳೆಯಿಂದಲೋ ಚಾಕುವಿನಿಂದಲೋ ಗೀರಿದ ಗೆರೆಯು ತಗ್ಗಾಗಿರುತ್ತದೆ ಮತ್ತು ಅದರ ಎರಡೂ ಬದಿಗಳಲ್ಲಿ, ನೇಗಿಲು ಹೊಡೆದ ಸಾಲಿನ ಪಕ್ಕದ ಮಣ್ಣಿನಂತೆ, ಸರಿದ ಲೋಹವು ಸಣ್ಣ ದಿಣ್ಣೆಯಾಗಿ ನಿಂತಿರುತ್ತದೆ. ಉಗುರಿನ ತುದಿಯಿಂದ ಮೆಲ್ಲನೆ ಸವರಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ಅಚ್ಚಿನ ತಗ್ಗುಗಳಲ್ಲಿ ಯಂತ್ರದ ಜಿಡ್ಡು, ಧೂಳು ತುಂಬಿಕೊಂಡರೆ ನಾಣ್ಯದಲ್ಲಿ ಅಕ್ಷರ ಅಥವಾ ಇಸವಿಯ ಅಂಕಿ ಮೂಡದೆ ಹೋಗಬಹುದು. ಇಂತಹ ನಾಣ್ಯದಲ್ಲಿ ಅಕ್ಷರವಿರಬೇಕಾದ ಜಾಗವು ಸುತ್ತಲಿನ ಮೈಯಂತೆಯೇ ನಯವಾಗಿ, ಅದೇ ಹೊಳಪಿನಿಂದ ಕೂಡಿರುತ್ತದೆ. ಹಲವು ವೇಳೆ ಅಕ್ಷರದ ಮಸುಕಾದ ನೆರಳೂ ಉಳಿದಿರುತ್ತದೆ. ಉಜ್ಜಿ ಅಳಿಸಿದ ಅಕ್ಷರದ ಜಾಗವು ತುಸು ತಗ್ಗಾಗಿರುತ್ತದೆ ಮತ್ತು ಓರೆ ಬೆಳಕಿನಲ್ಲಿ ಒಂದೇ ದಿಕ್ಕಿಗೆ ಓಡುವ ಗೀರುಗಳನ್ನು ತೋರಿಸುತ್ತದೆ. "ಇಸವಿಯಿಲ್ಲದ ನಾಣ್ಯ" ಎಂಬ ಹೆಸರಿನಲ್ಲಿ ಬರುವವುಗಳನ್ನು ಈ ಬೆಳಕಿನಲ್ಲಿಯೇ ನೋಡತಕ್ಕದ್ದು.

ಅಕ್ಷರಗಳು ಜೋಡಿಯಾಗಿ ಕಾಣುವುದೂ ಜನರನ್ನು ಬೆರಗುಗೊಳಿಸುತ್ತದೆ. ಅಚ್ಚನ್ನು ತಯಾರಿಸುವಾಗಲೇ ಚಿತ್ರವು ಎರಡು ಬಾರಿ ತುಸು ಪಲ್ಲಟವಾಗಿ ಬಿದ್ದಿದ್ದರೆ, ಆ ಅಚ್ಚಿನಿಂದ ಬಂದ ಪ್ರತಿಯೊಂದು ನಾಣ್ಯದಲ್ಲಿಯೂ ಎರಡನೆಯ ಗೆರೆಯು ಮೊದಲನೆಯದರಂತೆಯೇ ದುಂಡಗೆ, ತುಂಬಿಕೊಂಡು ಮೂಡುತ್ತದೆ. ಇದು ನಿಜವಾದ ಜೋಡಿ ಅಚ್ಚು. ಆದರೆ ಪೆಟ್ಟು ಬೀಳುವ ಗಳಿಗೆಯಲ್ಲಿ ಸಡಿಲವಾದ ಅಚ್ಚು ತುಸು ಅಲುಗಿದ್ದರೆ, ಮೂಡಿದ ಅಕ್ಷರದ ಒಂದು ಬದಿ ಜಾರಿ, ಮೆಟ್ಟಿಲಿನಂತೆ ಚಪ್ಪಟೆಯಾದ ನೆರಳು ಮಾತ್ರ ಉಳಿಯುತ್ತದೆ. ಎರಡನೆಯದೂ ಟಂಕಸಾಲೆಯಲ್ಲಿಯೇ ಆದದ್ದಾದರೂ ಅದು ಸರ್ವಸಾಮಾನ್ಯ. ಸಂಗ್ರಾಹಕರು ಅದಕ್ಕೆ ಬೆಲೆ ಕಟ್ಟುವುದಿಲ್ಲ.

ಪೆಟ್ಟು ಬೀಳುವಾಗಿನ ದೋಷ

ಬಿಲ್ಲೆಯು ಅಚ್ಚುಗಳ ನಡುವೆ ಸರಿಯಾಗಿ ಕೂರದಿದ್ದರೆ ಚಿತ್ರವು ಒಂದು ಬದಿಗೆ ಸರಿದು, ಇನ್ನೊಂದು ಬದಿಯಲ್ಲಿ ಬಾಲಚಂದ್ರನ ಆಕಾರದ ಖಾಲಿ ಜಾಗ ಉಳಿಯುತ್ತದೆ. ಲೋಹವೇನೂ ನಷ್ಟವಾಗಿರುವುದಿಲ್ಲವಾದ ಕಾರಣ ಅದರ ತೂಕ ಪೂರ್ಣವಾಗಿಯೇ ಇರುತ್ತದೆ. ಕಾಲರ್ ಬಳೆ ತನ್ನ ಸ್ಥಾನದಲ್ಲಿಲ್ಲದಿದ್ದರೆ ಲೋಹವು ಹೊರಕ್ಕೆ ಹರಡಿ ನಾಣ್ಯವು ಅಗಲವಾಗುತ್ತದೆ. ಬಳೆಯಿಂದ ಮೂಡಬೇಕಾದ ಅಂಚಿನ ಗೆರೆಗಳೂ ಇರುವುದಿಲ್ಲ. ಆದರೆ ಅದರ ಮೇಲಿನ ಚಿತ್ರವು ಅಚ್ಚಿನಿಂದಲೇ ಬಂದದ್ದಾದುದರಿಂದ ತನ್ನ ಸಹಜ ಅಳತೆಯಲ್ಲಿಯೇ, ಸ್ಫುಟವಾಗಿಯೇ ಇರುತ್ತದೆ.

ರೈಲು ಹಳಿಯ ಮೇಲಿಟ್ಟ ಅಥವಾ ಸುತ್ತಿಗೆಯಿಂದ ಬಡಿದ ನಾಣ್ಯವೂ ಅಗಲವಾಗುತ್ತದೆ, ಅದರ ತೂಕವೂ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಅಲ್ಲಿ ಲೋಹದೊಡನೆ ಚಿತ್ರವೂ ಹಿಗ್ಗುತ್ತದೆ. ಅಕ್ಷರಗಳು ಉದ್ದುದ್ದವಾಗಿ, ಚಪ್ಪಟೆಯಾಗಿ, ಇಸ್ತ್ರಿ ಹಾಕಿದಂತೆ ಕಾಣುತ್ತವೆ, ಏಣು ಮಾಯವಾಗಿರುತ್ತದೆ. ಹಳಿಯ ಮೇಲೆ ಯಾವುದೇ ವಸ್ತುವನ್ನಿಡುವುದು ಪ್ರಾಣಾಪಾಯಕಾರಿ ಎಂಬುದನ್ನು ಮಕ್ಕಳಿಗೆ ತಿಳಿಹೇಳುವುದು ಹಿರಿಯರ ಕರ್ತವ್ಯವೂ ಹೌದು.

ಒಮ್ಮೊಮ್ಮೆ ಆಗತಾನೆ ಅಚ್ಚಾದ ನಾಣ್ಯವು ಅಚ್ಚಿಗೇ ಅಂಟಿಕೊಳ್ಳುತ್ತದೆ. ಮುಂದಿನ ಬಿಲ್ಲೆ ಬಂದಾಗ ಆ ಅಂಟಿದ ನಾಣ್ಯವೇ ಅಚ್ಚಿನ ಕೆಲಸ ಮಾಡುತ್ತದೆ. ಆಗ ಹೊಸ ನಾಣ್ಯದ ಒಂದು ಬದಿಯಲ್ಲಿ ಚಿತ್ರವು ಉಬ್ಬಾಗಿಯೂ, ಇನ್ನೊಂದು ಬದಿಯಲ್ಲಿ ಅದೇ ಚಿತ್ರವು ತಗ್ಗಾಗಿ, ತಿರುವುಮುರುವಾಗಿಯೂ ಬೀಳುತ್ತದೆ. ಇಂಗ್ಲಿಷಿನಲ್ಲಿ ಬ್ರಾಕೇಜ್ ಎನ್ನಲಾಗುವ ಈ ದೋಷಕ್ಕೆ ಸಂಗ್ರಾಹಕರಲ್ಲಿ ಬೇಡಿಕೆಯಿದೆ. ಬೇಡಿಕೆಯಿರುವುದರಿಂದಲೇ ಅನುಕರಣೆಯೂ ಹೆಚ್ಚು. ಎರಡು ನಾಣ್ಯಗಳನ್ನು ಒಂದರ ಮೇಲೊಂದಿಟ್ಟು ಕಮ್ಮಾರನ ಇಕ್ಕಳದಂತಹ ತಿರುಪಿನ ಹಿಡಿಕೆಯಲ್ಲಿ ಬಿಗಿದರೆ ಒಂದರ ಚಿತ್ರ ಮತ್ತೊಂದರ ಮೇಲೆ ತಗ್ಗಾಗಿ ಒತ್ತಿಕೊಳ್ಳುತ್ತದೆ. ಗುರುತಿಸುವುದು ಹೇಗೆ? ನಿಜವಾದ ಬ್ರಾಕೇಜ್‌ನಲ್ಲಿ ತಿರುವುಮುರುವಾದ ಚಿತ್ರವು ಆವರಿಸಿರುವ ಜಾಗದಲ್ಲಿ ಆ ಬದಿಯ ಮೂಲ ಚಿತ್ರಕ್ಕೆ ಎಡೆಯೇ ಇರುವುದಿಲ್ಲ. ಏಕೆಂದರೆ ಅಲ್ಲಿಗೆ ಅಚ್ಚು ತಲುಪಿಯೇ ಇಲ್ಲ. ಅನುಕರಣೆಯಲ್ಲಿ ಮೂಲ ಚಿತ್ರವು ಮೊದಲೇ ಇದ್ದು, ಅದರ ಉಬ್ಬಿದ ಭಾಗಗಳು ನಜ್ಜುಗುಜ್ಜಾಗಿ, ಅವುಗಳ ಮೇಲೆ ಎರಡನೆಯ ಚಿತ್ರ ಕುಳಿತಿರುತ್ತದೆ. ಯಾವುದು ಮೊದಲು, ಯಾವುದು ನಂತರ ಎಂಬ ಪ್ರಶ್ನೆಯೇ ಇಲ್ಲಿಯೂ ತೀರ್ಪು ನೀಡುತ್ತದೆ.

ಹತ್ತು ರೂಪಾಯಿಯಂತಹ ಎರಡು ಲೋಹಗಳ ನಾಣ್ಯದಲ್ಲಿ ಹೊರಬಳೆ ಮತ್ತು ನಡುಬಿಲ್ಲೆಗಳು ಟಂಕನದ ಒತ್ತಡದಲ್ಲಿಯೇ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಡುಬಿಲ್ಲೆಯು ಓರೆಯಾಗಿ ಕುಳಿತಿರುವಾಗ ಅಚ್ಚು ಬಿದ್ದಿದ್ದರೆ ಚಿತ್ರವು ಸಂದಿಯ ಮೇಲೆಯೂ ಅಖಂಡವಾಗಿ ಹಾದುಹೋಗುತ್ತದೆ. ನಡುಬಿಲ್ಲೆಯನ್ನು ಬಡಿದು ತೆಗೆದು ತಿರುಗಿಸಿ ಕೂರಿಸಿದ್ದರೆ ಸಂದಿಯು ಸಡಿಲವಾಗಿ, ಸುತ್ತಲೂ ಪೆಟ್ಟಿನ ಗುರುತುಗಳಿರುತ್ತವೆ.

ದೋಷವಲ್ಲದ ವ್ಯತ್ಯಾಸಗಳು

ದೋಷವೂ ಅಲ್ಲದ, ಹಾನಿಯೂ ಅಲ್ಲದ ಮೂರನೆಯ ವರ್ಗವೊಂದಿದೆ. ಇಸವಿಯ ಕೆಳಗಿನ ಪುಟ್ಟ ಚುಕ್ಕಿಯನ್ನು ಕಂಡು ಬೆರಗಾಗುವವರುಂಟು. ಅದು ನೋಯ್ಡಾ ಟಂಕಸಾಲೆಯ ಗುರುತು. ನಕ್ಷತ್ರವು ಹೈದರಾಬಾದಿನದು, ವಜ್ರದ ಆಕೃತಿಯು ಮುಂಬಯಿಯದು. ಗುರುತಿಲ್ಲದಿರುವುದೇ ಕೋಲ್ಕತಾದ ಗುರುತು. 1985ರಲ್ಲಿ ಕೆಲವು ನಾಣ್ಯಗಳನ್ನು ವಿದೇಶಗಳ ಟಂಕಸಾಲೆಗಳಲ್ಲಿ ಅಚ್ಚು ಹಾಕಿಸಲಾಗಿತ್ತು. ಆ ವರ್ಷದ ಕೆಲವು ರೂಪಾಯಿಗಳ ಮೇಲಿರುವ ಎಚ್ ಅಕ್ಷರವು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯನ್ನು ಸೂಚಿಸುತ್ತದೆ. 1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಾಗ "ನಯಾ ಪೈಸಾ" ಎಂದಿದ್ದದ್ದು 1964ರಲ್ಲಿ ಬರಿಯ "ಪೈಸಾ" ಆಯಿತು. 2010ರಲ್ಲಿ ರೂಪಾಯಿಯ ಚಿಹ್ನೆ ಅಂಗೀಕೃತವಾದ ನಂತರ 2011ರಿಂದ ನಾಣ್ಯಗಳಲ್ಲಿ ಆ ಚಿಹ್ನೆ ಸೇರಿತು. ಇವೆಲ್ಲವೂ ಸರ್ಕಾರವು ತಿಳಿದೇ ಮಾಡಿದ ಮಾರ್ಪಾಡುಗಳು.

ಈ ತಿಳಿವಳಿಕೆಯ ಕೊರತೆಯಿಂದ ಹತ್ತು ರೂಪಾಯಿಯ ನಾಣ್ಯವನ್ನು ಖೋಟಾ ಎಂದು ಅಂಗಡಿಗಳಲ್ಲಿ ನಿರಾಕರಿಸಿದ ಪ್ರಸಂಗಗಳು ನಡೆದವು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ಅದುವರೆಗೆ 14 ವಿನ್ಯಾಸಗಳಲ್ಲಿ ಹತ್ತು ರೂಪಾಯಿಯ ನಾಣ್ಯಗಳು ಬಂದಿದ್ದು, ಎಲ್ಲವೂ ಕಾನೂನುಬದ್ಧವೆಂದು ಸ್ಪಷ್ಟಪಡಿಸಬೇಕಾಯಿತು.

ಇತಿಹಾಸದಲ್ಲಿ ಇದಕ್ಕೊಂದು ಸ್ವಾರಸ್ಯಕರ ನಿದರ್ಶನವಿದೆ. 1911ರ ಐದನೆಯ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆಯ ಸೊಂಡಿಲು ಮೊಟಕಾಗಿ, ಅದು ಹಂದಿಯಂತೆ ಕಾಣುತ್ತಿತ್ತು. ಜನರಲ್ಲಿ ಅಸಮಾಧಾನ ಉಂಟಾಗಲು ಆ ನಾಣ್ಯಗಳನ್ನು ಹಿಂತೆಗೆದು, 1912ರಲ್ಲಿ ಆನೆಯನ್ನು ಸ್ಪಷ್ಟವಾಗಿ ತಿದ್ದಲಾಯಿತು. ಅಲ್ಲಿ ಬಿಲ್ಲೆಯೂ ಸರಿಯಿತ್ತು, ಪೆಟ್ಟೂ ಸರಿಯಿತ್ತು, ತಪ್ಪಿದ್ದದ್ದು ವಿನ್ಯಾಸದಲ್ಲಿ. ಆದುದರಿಂದ "ಹಂದಿ ರೂಪಾಯಿ" ಎಂದು ಹೆಸರಾದ ಅದು ವಿನ್ಯಾಸದ ಪ್ರಭೇದವೇ ಹೊರತು ಟಂಕನದೋಷವಲ್ಲ.

ಯಂತ್ರಪೂರ್ವ ಕಾಲದ ನಾಣ್ಯಗಳಿಗೆ ಇಂದಿನ ಅಳತೆಗೋಲು ಅನ್ವಯಿಸುವುದಿಲ್ಲ. ವಿಜಯನಗರದ ಮತ್ತು ಮೈಸೂರಿನ ಹಳೆಯ ನಾಣ್ಯಗಳನ್ನು ಕೈಯಿಂದ ಬಡಿದು ಅಚ್ಚು ಹಾಕುತ್ತಿದ್ದರು. ಹಲವು ಬಾರಿ ಅಚ್ಚು ಬಿಲ್ಲೆಗಿಂತ ದೊಡ್ಡದಾಗಿರುತ್ತಿದ್ದುದರಿಂದ ಚಿತ್ರದ ಒಂದು ಭಾಗ ಮಾತ್ರ ಮೂಡುತ್ತಿತ್ತು. ಅಂತಹ ಕಾಸಿನಲ್ಲಿ ಚಿತ್ರ ಸರಿದಿರುವುದು ರೂಢಿಯೇ ಹೊರತು ದೋಷವಲ್ಲ. ಹಾಗೆಯೇ ಲೋಹದ ಶುದ್ಧಿಯನ್ನು ಪರೀಕ್ಷಿಸಲು ಚಿನಿವಾರರು ಬೆಳ್ಳಿಯ ನಾಣ್ಯಗಳ ಮೇಲೆ ಒತ್ತುತ್ತಿದ್ದ ಸಣ್ಣ ಗುರುತುಗಳು ಟಂಕನೋತ್ತರವಾದರೂ ವ್ಯಾಪಾರದ ಇತಿಹಾಸಕ್ಕೆ ಸಾಕ್ಷಿಗಳಾಗಿವೆ.

ದಿನಬಳಕೆಯ ಹಾನಿಗಳು

ಚಲಾವಣೆಯಲ್ಲಿರುವ ನಾಣ್ಯವು ಅನುಭವಿಸುವ ಕಷ್ಟಗಳು ಒಂದೆರಡಲ್ಲ. ತಿರುಪುಮೊಳೆ ಬಿಗಿಯಲು ಅದನ್ನು ಬಳಸುತ್ತಾರೆ. ಅಲುಗಾಡುವ ಮೇಜಿನ ಕಾಲಿಗೆ ಆಸರೆಯಾಗಿಡುತ್ತಾರೆ. ಸರಕ್ಕೆ ಪೋಣಿಸಲು ತೂತು ಕೊರೆಯುತ್ತಾರೆ, ಕೊಂಡಿ ಬೆಸೆಯುತ್ತಾರೆ. ನದಿಗೆ ಎಸೆದ ನಾಣ್ಯದ ಮೈ ತಿಂದುಹೋಗಿ ಗುಳಿಬೀಳುತ್ತದೆ. ಬೆಂಕಿಗೆ ಬಿದ್ದದ್ದು ಬಣ್ಣಗೆಡುತ್ತದೆ. ಆಮ್ಲದಲ್ಲಿ ನೆನೆದ ನಾಣ್ಯವು ಎಲ್ಲ ಕಡೆಯಿಂದಲೂ ಸಮನಾಗಿ ಕರಗಿ, ತೆಳುವಾಗಿ, ತೂಕ ಕಳೆದುಕೊಂಡು, "ತೆಳು ಬಿಲ್ಲೆಯ ನಾಣ್ಯ"ದಂತೆ ತೋರುತ್ತದೆ. ಆದರೆ ಅದರ ಅಕ್ಷರಗಳ ಏಣುಗಳು ಸೋಪಿನ ತುಂಡಿನಂತೆ ಜಾರಿರುತ್ತವೆ.

ಇನ್ನೊಂದು ಹಾನಿಯನ್ನು ಸಜ್ಜನರೇ ಮಾಡುತ್ತಾರೆ. ಹಳೆಯ ನಾಣ್ಯ ಸಿಕ್ಕಿದೊಡನೆ ಹುಣಸೆಹಣ್ಣು, ಸೀಗೆಪುಡಿ, ವಿಭೂತಿಗಳಿಂದ ತಿಕ್ಕಿ ಬೆಳಗುವುದು ಮನೆಗಳಲ್ಲಿ ವಾಡಿಕೆ. ದೇವರ ದೀಪಕ್ಕೆ ಇದು ಒಪ್ಪುತ್ತದೆ, ನಾಣ್ಯಕ್ಕೆ ಒಪ್ಪದು. ಹಾಗೆ ತಿಕ್ಕಿದಾಗ ಟಂಕನದ ಮೂಲ ಹೊಳಪು ನಾಶವಾಗುತ್ತದೆ ಮತ್ತು ನಿಜವಾದ ದೋಷವನ್ನು ದೃಢಪಡಿಸುವ ಸೂಕ್ಷ್ಮ ಸಾಕ್ಷ್ಯಗಳೂ ಅಳಿಸಿಹೋಗುತ್ತವೆ. ನಾಣ್ಯವನ್ನು ಅಂಚಿನಿಂದ ಹಿಡಿಯುವುದು, ಇದ್ದಂತೆಯೇ ಕಾಗದದ ಪೊಟ್ಟಣದಲ್ಲಿ ಇಡುವುದು ಲೇಸು.

ಪರೀಕ್ಷೆಯ ಕ್ರಮ

ಮನೆಯಲ್ಲಿಯೇ ಪರೀಕ್ಷಿಸಲು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ, ಸಣ್ಣ ಅಯಸ್ಕಾಂತ, ಅಳತೆಪಟ್ಟಿ ಮತ್ತು ಪರಿಚಯದ ಅಕ್ಕಸಾಲಿಗರ ತಕ್ಕಡಿ ಸಾಕು. ಇವೆಲ್ಲಕ್ಕಿಂತ ಮುಖ್ಯವಾದ ಸಾಧನವೆಂದರೆ ಅದೇ ಬಗೆಯ, ಸಾಧ್ಯವಾದರೆ ಅದೇ ಇಸವಿಯ ಮತ್ತೊಂದು ಸಾಧಾರಣ ನಾಣ್ಯ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓರೆ ಬೆಳಕಿನಲ್ಲಿ ನೋಡಬೇಕು. ತೂಕ ಮತ್ತು ವ್ಯಾಸವನ್ನು ಬರೆದಿಟ್ಟುಕೊಳ್ಳಬೇಕು. ವಿಕಾರವು ಉಬ್ಬೋ ತಗ್ಗೋ, ಅದು ಚಿತ್ರದ ಅಡಿಯಲ್ಲಿದೆಯೋ ಮೇಲಿದೆಯೋ, ಒಂದು ಬದಿಯ ವಿಕಾರಕ್ಕೆ ಇನ್ನೊಂದು ಬದಿಯಲ್ಲಿ ತಕ್ಕ ಪರಿಣಾಮ ಕಾಣುತ್ತದೆಯೋ ಎಂಬುದನ್ನು ಗಮನಿಸಬೇಕು. ಕೊನೆಯದಾಗಿ, ಟಂಕಸಾಲೆಯ ಯಾವ ಹಂತದಲ್ಲಿ ಇದು ಸಂಭವಿಸಿರಬಹುದು ಎಂದು ವಿವರಿಸಲು ಪ್ರಯತ್ನಿಸಬೇಕು. ಯಾವ ಹಂತದಲ್ಲಿಯೂ ಸಂಭವಿಸಲಾರದ ವಿಕಾರವು ಸಾಮಾನ್ಯವಾಗಿ ಟಂಕನೋತ್ತರ ಹಾನಿಯೇ ಆಗಿರುತ್ತದೆ. ಆಸಕ್ತರು ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕು 2004ರಲ್ಲಿ ಆರಂಭಿಸಿದ ನಾಣ್ಯ-ನೋಟುಗಳ ವಸ್ತುಸಂಗ್ರಹಾಲಯವನ್ನು ಸಂದರ್ಶಿಸಿದರೆ ಕಣ್ಣಿಗೆ ಒಳ್ಳೆಯ ತರಬೇತಿ ದೊರೆಯುತ್ತದೆ.

ಕಾನೂನು ಮತ್ತು ಎಚ್ಚರ

2011ರ ನಾಣ್ಯ ಕಾಯಿದೆಯ ಪ್ರಕಾರ ನಾಣ್ಯವು ವಿರೂಪಗೊಂಡಿರದೆ, ನಿಗದಿತ ಮಟ್ಟಕ್ಕಿಂತ ತೂಕ ಕಳೆದುಕೊಂಡಿರದೆ ಇದ್ದರೆ ಮಾತ್ರ ಕಾನೂನುಬದ್ಧ ಹಣವೆನಿಸುತ್ತದೆ. ನಾಣ್ಯಗಳನ್ನು ಕರಗಿಸುವುದು, ನಾಶಪಡಿಸುವುದು ಅಪರಾಧ. ಆದುದರಿಂದ "ದೋಷ" ಸೃಷ್ಟಿಸಲೆಂದು ನಾಣ್ಯವನ್ನು ಕೊಯ್ಯುವವರು ರಾಷ್ಟ್ರದ ಸ್ವತ್ತನ್ನೂ ಕೆಡಿಸುತ್ತಾರೆ, ಕೊಳ್ಳುವವರನ್ನೂ ವಂಚಿಸುತ್ತಾರೆ.

ಸರ್ಕಾರವಾಗಲಿ ರಿಸರ್ವ್ ಬ್ಯಾಂಕಾಗಲಿ ದೋಷದ ನಾಣ್ಯಕ್ಕೆ ಹೆಚ್ಚಿನ ಬೆಲೆ ನೀಡುವುದಿಲ್ಲ. ಅದರ ಬೆಲೆಯೆಂದರೆ ಬಲ್ಲ ಸಂಗ್ರಾಹಕನು ನಾಣ್ಯವನ್ನು ಕೈಯಲ್ಲಿ ಹಿಡಿದು ನೋಡಿ ಕೊಡಲೊಪ್ಪುವ ಹಣ ಮಾತ್ರ. 2021ರ ಆಗಸ್ಟ್ 4ರಂದು ರಿಸರ್ವ್ ಬ್ಯಾಂಕು ಹೊರಡಿಸಿದ ಎಚ್ಚರಿಕೆಯಲ್ಲಿ, ಹಳೆಯ ನೋಟು ಮತ್ತು ನಾಣ್ಯಗಳ ಕೊಡುಕೊಳ್ಳುವಿಕೆಗಾಗಿ ತನ್ನ ಹೆಸರು, ಲಾಂಛನಗಳನ್ನು ದುರುಪಯೋಗಪಡಿಸಿಕೊಂಡು ಶುಲ್ಕ, ದಲ್ಲಾಳಿ, ತೆರಿಗೆಗಳ ನೆಪದಲ್ಲಿ ಹಣ ಕೇಳಲಾಗುತ್ತಿದೆಯೆಂದೂ, ಅಂತಹ ವ್ಯವಹಾರದಲ್ಲಿ ತಾನು ತೊಡಗಿಲ್ಲವೆಂದೂ, ಯಾರಿಗೂ ಅಧಿಕಾರ ಕೊಟ್ಟಿಲ್ಲವೆಂದೂ ತಿಳಿಸಿತು. ಕೊಳ್ಳುವವನು ಹಣ ಕೊಡಬೇಕೇ ಹೊರತು ಮಾರುವವನಿಂದ ಕೇಳಬಾರದು. ಈ ಸಾಮಾನ್ಯ ತಿಳಿವಳಿಕೆಯೇ ಮೊದಲ ರಕ್ಷಣೆ.

ಮತ್ತೆ ಆ ಡಬ್ಬಿಯತ್ತ

ಪುಣೆಯ ಕುಟುಂಬವು ಶುಲ್ಕ ಕಟ್ಟುವ ಮೊದಲು ಮೂರು ನಾಣ್ಯಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿತೆಂದು ಭಾವಿಸೋಣ. ಅಗಲವಾದ ರೂಪಾಯಿಯಲ್ಲಿ ಅಕ್ಷರಗಳೂ ಹಿಗ್ಗಿವೆ, ಏಣು ಅಳಿಸಿದೆ. ಅದು ಹಳಿಯ ಮೇಲೆ ನಲುಗಿದ ನಾಣ್ಯ. ಐದು ರೂಪಾಯಿಯಲ್ಲಿ ತಿರುವುಮುರುವಾದ ಅಂಕಿಯ ಅಡಿಯಲ್ಲಿ ಸಿಂಹಗಳ ಮುಖಗಳು ಜಜ್ಜಿಹೋಗಿವೆ. ಅದು ತಿರುಪಿನ ಹಿಡಿಕೆಯಲ್ಲಿ ಬಿಗಿದ ನಾಣ್ಯ. ಕಚ್ಚಿದಂತಿರುವ ರೂಪಾಯಿಯಲ್ಲಿ ಮಾತ್ರ ಕೊರತೆಯ ಎದುರಿನ ಏಣು ಮಸುಕಾಗಿದೆ, ಸಮೀಪದ ಅಕ್ಷರಗಳು ಅತ್ತ ಹರಿದಿವೆ. ಅದು ಟಂಕಸಾಲೆಯ ನಿಜವಾದ ತಪ್ಪು. ಅದಕ್ಕೆ ಐದು ಲಕ್ಷ ಬರಲಾರದು. ಆದರೆ ಪ್ರಾಮಾಣಿಕ ಸಂಗ್ರಾಹಕನೊಬ್ಬನು ಮುಖಬೆಲೆಗಿಂತ ಹೆಚ್ಚು ಕೊಡಲು ಒಪ್ಪಿಯಾನು. ಮಗಳ ಮದುವೆಯ ಹಣ ಬ್ಯಾಂಕಿನಲ್ಲಿಯೇ ಉಳಿಯುತ್ತದೆ.

ಉಳಿದೆರಡು ನಾಣ್ಯಗಳಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಹಳಿಯ ಮೇಲೆ ನಾಣ್ಯವಿಟ್ಟ ತುಂಟ ಯಾರೆಂದು ಮನೆಯ ಹಿರಿಯರಲ್ಲಿ ಒಬ್ಬರಿಗಾದರೂ ನೆನಪಿರಬಹುದು. ಅಜ್ಜಿ ಅದನ್ನು ಎಸೆಯದೆ ಡಬ್ಬಿಯಲ್ಲಿ ಇಟ್ಟುಕೊಂಡದ್ದೂ ಅದಕ್ಕಾಗಿಯೇ ಇರಬಹುದು.